ಉತ್ತತ್ತಿ ಬಲ್ಲವರಿಗೆ ಹಸಿ ಖರ್ಜೂರ

ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಖರ್ಜೂರಕ್ಕಿಂತ ಉತ್ತತ್ತಿಗೇ ಮರ್ಯಾದೆ ಜಾಸ್ತಿ. ಉಡಿ ತುಂಬಲು ಉತ್ತತ್ತಿ ಬೇಕು, ಬಾಣಂತಿಯ ಅಂಟಿನುಂಡೆಗೆ ಬೇಕು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ಜನ ತೇರಿಗೆ ಎಸೆಯುವುದೂ ಅದನ್ನೇ. ಆದರೆ ಅದನ್ನು ಹಣ್ಣು ಅಂತ ನಾವು ಯಾವತ್ತೂ ಲೆಕ್ಕಕ್ಕೆ ಹಿಡಿದಿಲ್ಲ. ಅದೇನಿದ್ದರೂ ಕಿರಾಣಿ ಅಂಗಡಿಯ ಸಾಮಾನು.

ಮುಂಬೈಯಲ್ಲಿ ಹಾಗಲ್ಲ. ಇಲ್ಲಿ ಖರ್ಜೂರಕ್ಕೂ ಸೀಸನ್ ಇದೆ. ಮಳೆ ಹಿಡಿಯುವ ಹೊತ್ತಿಗೆ ಘಾಟ್‌ಕೋಪರ್, ಮುಲುಂಡ್ ಕಡೆ ಹಣ್ಣಿನ ಗಾಡಿಗಳಲ್ಲಿ ಹಳದಿ, ಕೆಂಪು ಕಾಯಿಗಳು ಬರುತ್ತವೆ. ಇದು ಗುಜರಾತಿನ ಕಚ್ಛ್‌ನ ಖಾರೇಕ್, ಅಂದರೆ ಹಸಿ ಖರ್ಜೂರ. ಖರ್ಜೂರ ಮರದಲ್ಲೇ ಪೂರ್ತಿ ಕಳಿತು ಒಣಗಬೇಕಾದರೆ ಒಣ ಬಿಸಿಲು ಬೇಕು. ಅರಬ್ ದೇಶಗಳಲ್ಲಿ ಅದು ಸಿಗುತ್ತದೆ. ಕಚ್ಛ್‌ನಲ್ಲಿ ಅಷ್ಟರೊಳಗೆ ಮಳೆ ಬಂದು ಹಣ್ಣು ಕೆಡುತ್ತದೆ. ಹಾಗಾಗಿ ಬಣ್ಣ ಬಂದು, ಇನ್ನೂ ಗಟ್ಟಿ ಇರುವಾಗಲೇ ಗೊನೆ ಇಳಿಸುತ್ತಾರೆ. ಕಡಿದರೆ ಕರುಂ ಅನ್ನುತ್ತದೆ. 2024ರಲ್ಲಿ ಇದಕ್ಕೆ ಜಿಐ ಟ್ಯಾಗ್ (ಒಂದು ಊರಿನ ವಿಶೇಷ ಬೆಳೆಗೆ ಸಿಗುವ ಸರ್ಕಾರಿ ಗುರುತು) ಕೂಡ ಸಿಕ್ಕಿತು.

ನಮ್ಮವರು ಒಂದು ಬಾಯಿಗೆ ಹಾಕಿ, "ಥೂ, ಒಗರು" ಅಂತ ಉಗುಳಿ ಮುಂದೆ ಹೋಗುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಕಚ್ಛ್‌ನಲ್ಲಿ ಬೀಜದಿಂದ ಬೆಳೆದ ಮರಗಳೇ ಜಾಸ್ತಿ. ಮಾವಿನ ಓಟೆಯಿಂದ ಎದ್ದ ಮರದ ಹಾಗೆ ಒಂದೊಂದಕ್ಕೂ ಅದರದೇ ರುಚಿ. ಒಂದು ಮರದ್ದು ಗಂಟಲು ಹಿಡಿದರೆ ಇನ್ನೊಂದರದ್ದು ಸಕ್ಕರೆ. ಗುಜರಾತಿ ಹೆಂಗಸರು ಇದನ್ನು ಬಲ್ಲರು. ರುಚಿ ನೋಡದೆ ಕಾಲು ಕೆಜಿಯನ್ನೂ ತೂಗಿಸುವುದಿಲ್ಲ. ಒಗರು ಇದ್ದರೂ ಎಸೆಯಬೇಕಿಲ್ಲ, ಮೆತ್ತಗಾಗುವವರೆಗೆ ಬಿಟ್ಟರೆ ಆಯಿತು. ಈಗ ಅಂಗಾಂಶ ಕೃಷಿಯ, ಅಂದರೆ ಲ್ಯಾಬ್‌ನಲ್ಲಿ ಬೆಳೆಸಿದ ಸಸಿಗಳ ಬರ್ಹಿ ತಳಿಯೂ ಬರುತ್ತಿದೆ. ಅದು ಗಟ್ಟಿ ಇರುವಾಗಲೇ ಸಿಹಿ, ಹೊಸಬರಿಗೆ ಒಳ್ಳೆಯದು.

ರಂಜಾನ್‌ನಲ್ಲಿ ಮೊಹಮ್ಮದ್ ಅಲಿ ರಸ್ತೆ ಕಡೆ ಹೋದರೆ ಬೇರೆಯೇ ಲೋಕ. ಅಜ್ವಾ, ಮೆಡ್ಜೂಲ್, ಇರಾನಿನ ಕಪ್ಪು ಮೆತ್ತನೆ ಮಜಾಫತಿ. ಹೋಳಿ ಹಬ್ಬಕ್ಕೆ ಗುಜರಾತಿಗಳು ಜೋಳದ ಅರಳಿನ ಜೊತೆ ಖರ್ಜೂರ ತಿನ್ನುತ್ತಾರೆ. ಭೇಲ್‌ಪುರಿಯ ಸಿಹಿ ಚಟ್ನಿಗೂ ಅದೇ ಬೇಕು.

ಈ ಊರಿನದು ಎಲ್ಲವೂ ನನಗೆ ಒಪ್ಪಿಗೆ ಅಂತಲ್ಲ. ದೀಪಾವಳಿಗೆ ಆಫೀಸಿನಲ್ಲಿ 'ಶುಗರ್ ಫ್ರೀ' ಅಂತ ಖರ್ಜೂರದ ಬರ್ಫಿ ಹಂಚುತ್ತಾರೆ. ಒಣಗಿದ ಖರ್ಜೂರದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ ಅಲ್ವಾ? ಡಯಾಬಿಟಿಸ್ ಇರುವವರು ಆ ಡಬ್ಬಿಯ ಮಾತು ನಂಬಿ ಎರಡೆರಡು ತಿನ್ನುವುದನ್ನು ನೋಡಿದರೆ ಭಯವಾಗುತ್ತದೆ.

ಇನ್ನು ಅಂಟಿನುಂಡೆಯ ವಿಷಯಕ್ಕೆ ಬಂದರೆ ನಾನು ಪೂರ್ತಿ ಊರಿನ ಕಡೆ. ಇಲ್ಲಿ ಉತ್ತತ್ತಿಯ ಪುಡಿಯೇ ಪ್ಯಾಕೆಟ್‌ನಲ್ಲಿ ಸಿಗುತ್ತದೆ. ಎಷ್ಟೋ ಜನ ಅದನ್ನೇ ಸುಮ್ನೆ ಸುರಿದು ಉಂಡೆ ಕಟ್ಟುತ್ತಾರೆ. ನಮ್ಮಲ್ಲಿ ಉತ್ತತ್ತಿ ಒಡೆದು, ಬೀಜ ತೆಗೆದು, ಸಣ್ಣಗೆ ಹೆಚ್ಚಿ ತುಪ್ಪದಲ್ಲಿ ಹುರಿಯುತ್ತಾರೆ. ಕೈ ನೋಯುತ್ತದೆ, ನಿಜ. ಆದರೆ ಹಲ್ಲಿಗೆ ಉತ್ತತ್ತಿ ಸಿಗದ ಅಂಟಿನುಂಡೆಯನ್ನು ಯಾರು ತಿನ್ನಬೇಕು?