ಮಿಲಿಟರಿ ಲುಕ್ ಇದ್ದರೆ ಗುಂಡು ತಡೆಯುತ್ತಾ?

ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುವ ಮೆಸೇಜ್ ಇದು: ಹಮ್ಮರ್ ಥರದ ದೊಡ್ಡ ಗಾಡಿ ಸೈನ್ಯದ್ದೇ, ಗುಂಡು ಹೊಡೆದರೂ ಏನೂ ಆಗಲ್ಲ.

ಇದು ಸರಿಯಲ್ಲ. 1992ರಲ್ಲಿ ಜನರಿಗೆ ಮಾರಾಟಕ್ಕೆ ಬಂದ ಮೊದಲ ಹಮ್ಮರ್, ಅಂದರೆ ಎಚ್1, ಅಮೆರಿಕ ಸೈನ್ಯದ ಹಮ್‌ವೀಯಿಂದಲೇ ಹುಟ್ಟಿದ್ದು ನಿಜ. ಆದರೆ ಆಮೇಲಿನ ಎಚ್2, ಎಚ್3 ಎರಡೂ ಜನರಲ್ ಮೋಟಾರ್ಸ್‌ನ ಮಾಮೂಲಿ ಗಾಡಿಗಳ ತಳಹದಿಯವು, ಸೈನ್ಯದ್ದು ಬರೀ ಮುಖ. ಅಷ್ಟೇ ಅಲ್ಲ, ಶುರುವಿನ ಎಷ್ಟೋ ಹಮ್‌ವೀಗಳಿಗೆ ಇದ್ದದ್ದು ಬಟ್ಟೆಯ ಬಾಗಿಲು! ಇರಾಕ್ ಯುದ್ಧದಲ್ಲಿ ಪೆಟ್ಟು ತಿಂದ ಮೇಲೆ ಉಕ್ಕಿನ ಕವಚ ಹಾಕೋದು ಜಾಸ್ತಿ ಆಯಿತು.

ಫಾರ್ವರ್ಡ್ ಮಾಡಿದವರ ತಪ್ಪೇನಿಲ್ಲ, ಗಾಡಿಯ ಗತ್ತು ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತೆ, ಅಲ್ವಾ? ಸುಮ್ನೆ ಕಿಟಕಿ ಗಾಜನ್ನು ಅರ್ಧ ಇಳಿಸಿ ಅಂಚು ನೋಡಿ. ಮಾಮೂಲಿ ಗಾಜು ಕೆಲವೇ ಮಿಲಿಮೀಟರ್ ದಪ್ಪ. ಗುಂಡು ತಡೆಯುವ ಗಾಜು ಬೆರಳಿನಷ್ಟಾದರೂ ದಪ್ಪ ಇರುತ್ತೆ. ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕ ಇರುತ್ತೆ, ಅದನ್ನು ಕಂಪನಿ ಹೇಳುವ ತೂಕದ ಜೊತೆ ಹೋಲಿಸಿ. ಕವಚ ಇದ್ದರೆ ನೂರಾರು ಕೆಜಿ ಏರಲೇಬೇಕು. ಅಪಘಾತದ ಸುರಕ್ಷತೆ ಬೇಕಾದರೆ ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿ ಸ್ಟಾರ್ ಕೊಡುವ, 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್‌ನ ವೆಬ್‌ಸೈಟಿನಲ್ಲಿ ಆ ಮಾಡೆಲ್‌ಗೆ ಎಷ್ಟು ಸ್ಟಾರ್ ಅಂತ ನೋಡಿ.

ಹಾಂ, ಮಿಲಿಟರಿ ಹಸಿರು ಬಣ್ಣ ಹೊಡೆಸಬೇಡಿ, ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಅದು ರಕ್ಷಣಾ ಇಲಾಖೆಗೆ ಮಾತ್ರ. ಮತ್ತೆ ಎಚ್1ನ ಅಗಲ ಸುಮಾರು 2.2 ಮೀಟರ್. ಮಂಡಿಪೇಟೆಯಲ್ಲಿ ಮೂಟೆ ಇಳಿಸುವ ಹೊತ್ತಿಗೆ ಅದನ್ನು ನುಗ್ಗಿಸೋದು ನನ್ನ ಕೈಲಂತೂ ಆಗಲ್ಲ.