ಬ್ಯಾಟರಿ ದೊಡ್ಡದು ಹಾಕಿಸೋಣ ಅನ್ನುವ ಮೊದಲು

ಕಳೆದ ಸಲ ಮೈಸೂರಿಗೆ ಹೋಗಿದ್ದಾಗ ಭಾವ ನನ್ನನ್ನು ಜಿಪುಣ ಅಂದರು. ತಮಾಷೆಗೇ ಅಂದಿದ್ದು, ಅಕ್ಕನೂ ನಕ್ಕಳು, ಆದರೂ ನನಗೆ ಚುಚ್ಚಿತು. ಮನೆಯ ಯುಪಿಎಸ್ ಬ್ಯಾಟರಿ ಹೋಗಿತ್ತು, ಹೊಸದು ತರಲು ಎಲ್ಲರೂ ಅಂಗಡಿಗೆ ಹೋಗಿದ್ದೆವು. ಅಂಗಡಿಯವರು ಏನೂ ಕೇಳದೆ "150 ಎಎಚ್ ಸಾಲಲ್ಲ ಸರ್, 200 ಹಾಕ್ಬಿಡಿ, ತಲೆನೋವೇ ಇರಲ್ಲ" ಅಂದರು. (ಎಎಚ್ ಅಂದರೆ ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ.) ನಾನು "ಭಾವ, ಯುಪಿಎಸ್ ಮೇಲೆ ಏನೇನು ಓಡುತ್ತೆ, ಎಷ್ಟು ವ್ಯಾಟ್ ಅಂತ ಒಂದ್ಸಲ ಲೆಕ್ಕ ಹಾಕೋಣ್ವಾ?" ಅಂದೆ. "ಅಮೆರಿಕಾಗೆ ಹೋಗಿ ಜಿಪುಣ ಆಗ್ಬಿಟ್ಯಲ್ಲೋ" ಅಂತ ಹೇಳಿ 200ರದ್ದಕ್ಕೇ ದುಡ್ಡು ಕೊಟ್ಟರು.

ಅದು ದುಡ್ಡಿನ ಮಾತೇ ಅಲ್ಲ. ಆ ಮನೆಯಲ್ಲಿ ಕರೆಂಟ್ ಹೋದಾಗ ಮೂರು ಹಳೇ ಫ್ಯಾನ್ ತಿರುಗುತ್ತವೆ, ಒಂದೊಂದು ಸುಮಾರು 75 ವ್ಯಾಟ್ ಎಳೆಯುತ್ತದೆ. ಈಗ ಸಿಗುವ, ಬೇರೆ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಸಾಕು. ಹನ್ನೆರಡು ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಹೆಸರಿಗೆ 1800 ವ್ಯಾಟ್-ಅವರ್, ಅಂದರೆ 1800 ವ್ಯಾಟನ್ನು ಒಂದು ಗಂಟೆ ಓಡಿಸುವಷ್ಟು, ಇರುತ್ತದೆ, ಆದರೆ ಅದನ್ನು ಪೂರ್ತಿ ಬರಿದು ಮಾಡುವ ಹಾಗಿಲ್ಲ, ಬ್ಯಾಟರಿ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಇನ್ವರ್ಟರ್ ತಿನ್ನುವುದೂ ಇದೆ, ಕೊನೆಗೆ ಕೈಗೆ ಸಿಗುವುದು 1100 ಅಂತ ಇಟ್ಟುಕೊಳ್ಳಿ. ಹಳೇ ಫ್ಯಾನುಗಳಾದರೆ ಐದು ಗಂಟೆ. ಹೊಸ ಫ್ಯಾನುಗಳಾದರೆ ಹನ್ನೆರಡು ಗಂಟೆ. ಬ್ಯಾಟರಿ ಅದೇ! ಅಂಗಡಿಯಲ್ಲಿ ಈ ಲೆಕ್ಕಕ್ಕೆ ಎರಡು ನಿಮಿಷ ಸಾಕಿತ್ತು.

ಈ ಲೆಕ್ಕದ ಅಭ್ಯಾಸ ನನಗೆ ಬಂದಿದ್ದು ಕ್ಯಾಂಪರ್‌ನಿಂದ. ನಾನಿರುವುದು ಯೂಟಾದಲ್ಲಿ, ಸಾಲ್ಟ್ ಲೇಕ್ ಸಿಟಿ ಹತ್ತಿರ. ಪಿಕಪ್ ಟ್ರಕ್ಕಿನ ಹಿಂಭಾಗದಲ್ಲಿ ಕೂರಿಸುವ ಒಂದು ಪುಟ್ಟ ಕೋಣೆ ನಮ್ಮದು. ಮಲಗಲು ಜಾಗ, ಒಲೆ, ಸಿಂಕು, ಸಣ್ಣ ಫ್ರಿಜ್. ನಾಲ್ಕು ಮೂಲೆಯ ಜ್ಯಾಕ್ ಮೇಲೆ ಎತ್ತಿ ನಿಲ್ಲಿಸಿ ಅದರಡಿ ಟ್ರಕ್ಕನ್ನು ಹಿಂದಕ್ಕೆ ತಂದು ಇಳಿಸಿ ಬಿಗಿದರೆ ಆಯಿತು. ಹೋಗುವುದು ಹೆಚ್ಚಾಗಿ ಸ್ಯಾನ್ ರಾಫೆಲ್ ಸ್ವೆಲ್ ಅನ್ನುವ ಕಲ್ಲುಬಂಡೆಗಳ ಸೀಮೆಗೆ. ಅದರ ನಡುವೆ ಹಾದುಹೋಗುವ ಐ-70 ಹೆದ್ದಾರಿಯಲ್ಲಿ ಗ್ರೀನ್ ರಿವರ್ ಅನ್ನುವ ಊರು ಬಿಟ್ಟರೆ ಸಲೈನಾ ಊರಿನವರೆಗೆ, ಸುಮಾರು 170 ಕಿಲೋಮೀಟರ್, ಒಂದು ಪೆಟ್ರೋಲ್ ಬಂಕೂ ಇಲ್ಲ. ಹೆದ್ದಾರಿ ಬಿಟ್ಟು ಮಣ್ಣುದಾರಿ ಹಿಡಿದರೆ ನಲ್ಲಿಯೂ ಇಲ್ಲ, ಕರೆಂಟೂ ಇಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ. ಕೇಂದ್ರ ಸರ್ಕಾರದ ಜಮೀನು, ಬಹಳ ಕಡೆ ಹದಿನಾಲ್ಕು ದಿನದವರೆಗೆ ಬಾಡಿಗೆಯಿಲ್ಲದೆ ಉಳಿಯಬಹುದು. ನಮ್ಮ ಪಶ್ಚಿಮ ಘಟ್ಟದಲ್ಲಿ ಹೀಗೆ ಬಿಟ್ಟರೆ ಏನಾದೀತು ಅಂತ ಯೋಚಿಸುವುದೂ ಬೇಡ, ಅದು ಬೇರೆ ಮಾತು.

ಅಲ್ಲಿ ಪಕ್ಕದಲ್ಲಿ ಟ್ರಕ್ ನಿಲ್ಲಿಸಿದವರು ಹೆಸರು ಕೇಳುವ ಮೊದಲೇ ಕೇಳುವುದೇನು ಗೊತ್ತಾ? ದಿನಕ್ಕೆ ನಿಮಗೆ ಎಷ್ಟು ಎಎಚ್ ಬೇಕಾಗುತ್ತದೆ, ನೀರು ಎಷ್ಟು ದಿನ ಬರುತ್ತದೆ. ನಮ್ಮಲ್ಲಿ ಊಟ ಆಯ್ತಾ ಅಂತ ಕೇಳುವ ಹಾಗೆ. ಎಪ್ಪತ್ತು ದಾಟಿದ ಒಬ್ಬ ಹೆಂಗಸು, ನಿವೃತ್ತ ಶಾಲಾ ಶಿಕ್ಷಕಿ, ತಾವೇ ಎಳೆದ ವೈರಿಂಗ್ ನನಗೆ ತೋರಿಸಿದರು. ಯಾವ ವೈರು ಎಷ್ಟು ದಪ್ಪ, ಫ್ಯೂಸ್ ಯಾಕೆ ಬ್ಯಾಟರಿಗೆ ಅಂಟಿಕೊಂಡೇ ಇರಬೇಕು ಅಂತ ವಿವರಿಸಿದರು. ಆಮೇಲೆ ನನ್ನ ಕ್ಯಾಂಪರ್ ಒಳಗೆ ಬಂದು, "ಶಂಟ್ ಎಲ್ಲಿ?" ಅಂದರು.

ಕ್ಯಾಂಪರ್‌ಗೆ ಏನು ಹಾಕಿಸಲಿ ಅಂತ ಇಲ್ಲಿನ ಕನ್ನಡ ಗೆಳೆಯರು ಕೇಳಿದಾಗ ನಾನು ಹೇಳುವ ಮೊದಲ ಉತ್ತರವೇ ಅದು. ಸೋಲಾರ್ ಅಲ್ಲ, ಲಿಥಿಯಂ ಅಲ್ಲ. ಶಂಟ್ ಹಾಕಿಸಿ. ಬ್ಯಾಟರಿಯ ನೆಗೆಟಿವ್ ವೈರಿನಲ್ಲಿ ಕೂರುವ ಚಿಕ್ಕ ಸಾಧನ. ಒಳಗೆ ಎಷ್ಟು ಕರೆಂಟ್ ಬಂತು, ಹೊರಗೆ ಎಷ್ಟು ಹೋಯಿತು ಅಂತ ಎಣಿಸಿ ಮೊಬೈಲಿನಲ್ಲಿ ತೋರಿಸುತ್ತದೆ. ಬರೀ ವೋಲ್ಟೇಜ್ ನೋಡಿದರೆ ಲಿಥಿಯಂ ಬ್ಯಾಟರಿ ಮುಕ್ಕಾಲು ಇದೆಯೋ ಕಾಲು ಇದೆಯೋ ತಿಳಿಯುವುದಿಲ್ಲ, ಎರಡೂ ಹೆಚ್ಚುಕಡಿಮೆ ಒಂದೇ ತೋರಿಸುತ್ತದೆ. ಶಂಟ್ ಹಾಕಿದ ಮೇಲೆ ನನಗೆ ಗೊತ್ತಾಗಿದ್ದು, ಜಾಸ್ತಿ ತಿನ್ನುತ್ತಿದ್ದುದು ಫ್ರಿಜ್ ಒಂದೇ ಅಲ್ಲ, ಏನೂ ಕೆಲಸ ಮಾಡದೆ ಸುಮ್ನೆ ಆನ್ ಆಗಿರುವ ಇನ್ವರ್ಟರ್ ಕೂಡ ಅಂತ. ಸದಾ 20 ವ್ಯಾಟ್ ಎಳೆದರೂ ದಿನಕ್ಕೆ 480 ವ್ಯಾಟ್-ಅವರ್. ಹನ್ನೆರಡು ವೋಲ್ಟಿನ ಒಳ್ಳೇ ಫ್ರಿಜ್ಜಿಗೆ ಇಡೀ ದಿನಕ್ಕೆ ಸುಮಾರು ಅಷ್ಟೇ ಸಾಕು! ಈಗ ಫೋನು, ಲ್ಯಾಪ್‌ಟಾಪು, ದೀಪ ಎಲ್ಲ ನೇರ ಹನ್ನೆರಡು ವೋಲ್ಟಿನಲ್ಲೇ. ಇನ್ವರ್ಟರ್ ಆನ್ ಮಾಡುವುದು ಮಿಕ್ಸಿಗೆ ಮಾತ್ರ. ಚಟ್ನಿ ರುಬ್ಬಲು ಮೂರು ನಿಮಿಷ, 40-45 ವ್ಯಾಟ್-ಅವರ್ ಹೋಗುತ್ತದೆ, ಅದಕ್ಕೆ ಚಿಂತೆಯಿಲ್ಲ. ಇಂಡಕ್ಷನ್ ಒಲೆ ಇಪ್ಪತ್ತು ನಿಮಿಷ ಉರಿಸಿದರೆ 100 ಎಎಚ್ ಬ್ಯಾಟರಿಯಲ್ಲಿ ಅರ್ಧ ಖಾಲಿ, ಹಾಗಾಗಿ ಅನ್ನ, ಬೇಳೆ ಗ್ಯಾಸ್ ಮೇಲೆ ಕುಕ್ಕರಿನಲ್ಲಿ.

ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್ ಹಾಕಿದ್ದು ತೂಕಕ್ಕಾಗಿ. ಮನೆಯ 150 ಎಎಚ್ ಟ್ಯೂಬುಲರ್ ಬ್ಯಾಟರಿ 50 ಕಿಲೋ ಮೀರುತ್ತದೆ, ಲಿಥಿಯಂ 100 ಎಎಚ್ 12 ಕಿಲೋ ಆಸುಪಾಸು. ಒಂದು ಎಚ್ಚರಿಕೆ ಇದೆ: ಸೊನ್ನೆ ಡಿಗ್ರಿಗಿಂತ ಕೆಳಗೆ ಅದಕ್ಕೆ ಚಾರ್ಜ್ ಕೊಟ್ಟರೆ ಒಳಗೇ ಹಾಳಾಗುತ್ತದೆ. ಇಲ್ಲಿನ ಚಳಿಯಲ್ಲಿ ತಾನಾಗಿ ಚಾರ್ಜ್ ನಿಲ್ಲಿಸುವ ಅಥವಾ ತಾನೇ ಬೆಚ್ಚಗಾಗುವ ಬ್ಯಾಟರಿಯೇ ಬೇಕು. ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಟ್ರಕ್ಕಿನ ಆಲ್ಟರ್ನೇಟರ್‌ನಿಂದ ನೇರವಾಗಿ ವೈರ್ ಎಳೆದು ಚಾರ್ಜ್ ಮಾಡಬೇಡಿ, ಲಿಥಿಯಂ ಸಿಕ್ಕಷ್ಟೂ ಎಳೆದುಕೊಂಡು ಆಲ್ಟರ್ನೇಟರ್ ಕಾಯಿಸುತ್ತದೆ, ಎಳೆತಕ್ಕೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಒಂದು ನಡುವೆ ಇರಲಿ. ಡೀಸೆಲ್ ಹೀಟರ್ ಹಾಕಿದರೆ ಹೊಗೆ ಹೊರಗೆ ಹೋಗುವ ಕೊಳವೆ ಸರಿಯಾಗಿ ಬಿಗಿಯಿರಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಒಂದು ರಾತ್ರಿಯೂ ಮಲಗಬೇಡಿ.

ಆದರೆ ಇದೆಲ್ಲಕ್ಕಿಂತ ಮೊದಲು ಟ್ರಕ್ಕಿನ ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿರುವ ಚೀಟಿ ಓದಬೇಕು. ಜನ, ಸಾಮಾನು ಎಲ್ಲ ಸೇರಿ ಇಷ್ಟೇ ಹೊರಬಹುದು ಅಂತ ಅದರಲ್ಲಿ ಬರೆದಿರುತ್ತದೆ. 30 ಗ್ಯಾಲನ್ ನೀರಿನ ಟ್ಯಾಂಕ್ ತುಂಬಿದರೆ 113 ಕಿಲೋ. ದಪ್ಪ ಟೈರು, ಹೆಚ್ಚುವರಿ ಸ್ಪ್ರಿಂಗು ಹಾಕಿದರೂ ಆ ಚೀಟಿಯ ಅಂಕಿ ಬದಲಾಗುವುದಿಲ್ಲ. ಹಾಗಾಗಿ ನೀರು ಜಾಸ್ತಿ ಒಯ್ಯಲಾಗದು, ಇರುವುದರಲ್ಲೇ ನಡೆಸಬೇಕು. ಸಿಂಕಿನ ಕೆಳಗೆ ಕಾಲಲ್ಲಿ ಒತ್ತುವ ಪಂಪ್ ಹಾಕಿಸಿದೆ. ಒತ್ತಿದಷ್ಟೇ ನೀರು. ತಟ್ಟೆಯನ್ನು ಮೊದಲು ಕಾಗದದಲ್ಲಿ ಒರೆಸಿ, ಆಮೇಲೆ ಸ್ಪ್ರೇ ಬಾಟಲಿಯಲ್ಲಿ ತೊಳೆಯುವುದು. ನಾಲ್ಕು ಜನ ನಾಲ್ಕು ದಿನ ಆರಾಮವಾಗಿ ಇದ್ದು ಬರುತ್ತೇವೆ, ನನ್ನ ಮಗಳಿಗೂ ಒಂದು ಲೀಟರ್ ನೀರಲ್ಲಿ ಏನೇನು ಆಗುತ್ತದೆ ಅಂತ ಗೊತ್ತು.

ಈಗ ಹೇಳಿ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ತಮ್ಮ ಮನೆಗೆ ದಿನಕ್ಕೆ ಎಷ್ಟು ಲೀಟರ್ ನೀರು ಅಂತ ಎಷ್ಟು ಜನಕ್ಕೆ ಗೊತ್ತಿದೆ? 2024ರ ಮಾರ್ಚಿನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಬೇಕಾಯಿತು. ಆ ತಿಂಗಳು ಗೆಳೆಯನಿಗೆ ಫೋನ್ ಮಾಡಿದಾಗ ಅವನು ಹೇಳಿದ್ದು ಟ್ಯಾಂಕರ್ ರೇಟಿನ ಬಗ್ಗೆ, ಇನ್ನೊಂದು ಬೋರ್ ಕೊರೆಸುವ ಬಗ್ಗೆ, ಸಂಪ್ ದೊಡ್ಡದು ಮಾಡುವ ಬಗ್ಗೆ. ಮನೆಮನೆಗೆ ಮೀಟರ್ ಹಾಕಿಸೋಣ ಅಂತ ಸಭೆಯಲ್ಲಿ ಒಬ್ಬರು ಅಂದರೆ ಗಲಾಟೆಯೇ ಆಯಿತಂತೆ, ನೀರಿನ ಖರ್ಚನ್ನು ಎಲ್ಲರೂ ಸಮಾನವಾಗಿ ಹಂಚಿಕೊಳ್ಳೋಣ ಅಂದರಂತೆ. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಬಂತು, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ಬರಲಿ, ಬೇಕಾದವರಿಗೆ ಬೇಕೇ ಬೇಕು. ಆದರೆ ಕರೆಂಟಿಗೆ ಕಷ್ಟ ಬಂದರೆ ದೊಡ್ಡ ಬ್ಯಾಟರಿ, ನೀರಿಗೆ ಬಂದರೆ ದೊಡ್ಡ ಸಂಪ್, ಇಷ್ಟರಲ್ಲೇ ನಮ್ಮ ಯೋಚನೆ ನಿಲ್ಲುತ್ತದಲ್ಲ, ಅದು ನನಗೆ ಬೇಸರ. ಎಂಜಿನಿಯರುಗಳಿಂದ ತುಂಬಿರುವ ಊರು ಅದು.

ಈ ಮಾತನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಗದಗದ ಕಡೆಯವಳು. "ನಮ್ಮ ಅಜ್ಜಿ ಹತ್ರ ಯಾವ ಶಂಟ್ ಇತ್ತು?" ಅಂದಳು. ಬೇಸಿಗೆಯಲ್ಲಿ ಇಷ್ಟು ಕೊಡ ಕುಡಿಯಲಿಕ್ಕೆ, ಇಷ್ಟು ದನಕ್ಕೆ, ಅಕ್ಕಿ ತೊಳೆದ ನೀರು ಗಿಡಕ್ಕೆ, ಪಾತ್ರೆಗೆ ಬೂದಿ, ಹೀಗೆ ಆ ಮನೆ ನಡೆದದ್ದನ್ನು ಅವಳು ಕಣ್ಣಾರೆ ಕಂಡವಳು. ಹೌದು, ಒಪ್ಪಬೇಕು. ಹೊತ್ತು ತಂದವರಿಗೆ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ. ನಲ್ಲಿ ತಿರುಗಿಸಿದರೆ ಬರುವ ಕಡೆ ಯಾರೂ ಎಣಿಸುವುದಿಲ್ಲ, ಅದು ಬೆಂಗಳೂರಾದರೂ ಅಷ್ಟೇ, ಸಾಲ್ಟ್ ಲೇಕ್ ಆದರೂ ಅಷ್ಟೇ.

ಸಾಲ್ಟ್ ಲೇಕಿನ ಕಥೆಯೂ ಹೇಳಲೇಬೇಕು ಅಂದಳು, ಸರಿ. ಸ್ವೆಲ್‌ನಲ್ಲಿ ಸ್ಪ್ರೇ ಬಾಟಲಿಯಲ್ಲಿ ತಟ್ಟೆ ತೊಳೆಯುವ ಇದೇ ಜನ ಭಾನುವಾರ ಸಂಜೆ ಮನೆಗೆ ಬಂದು ಅಂಗಳದ ಹುಲ್ಲಿಗೆ ಸ್ಪ್ರಿಂಕ್ಲರ್ ಬಿಡುತ್ತಾರೆ. ಅಮೆರಿಕದ ತೀರಾ ಒಣ ರಾಜ್ಯಗಳಲ್ಲಿ ಇದೂ ಒಂದು, ಆದರೂ ಇಲ್ಲಿ ಮನೆಗಳಿಗೆ ಬರುವ ನೀರಿನಲ್ಲಿ ಹೆಚ್ಚಿನ ಪಾಲು ಹುಲ್ಲಿಗೇ ಹೋಗುತ್ತದೆ. ಊರಿಗೆ ಹೆಸರು ಕೊಟ್ಟ ಉಪ್ಪಿನ ಸರೋವರ 2022ರಲ್ಲಿ ದಾಖಲೆ ಮಟ್ಟಕ್ಕೆ ಇಳಿಯಿತು, ನದಿಗಳ ನೀರನ್ನು ಹೊಲಕ್ಕೂ ಊರಿಗೂ ತಿರುಗಿಸಿದ್ದೇ ಅದಕ್ಕೆ ದೊಡ್ಡ ಕಾರಣ. ಗ್ಯಾರೇಜಿನಲ್ಲಿ ಶಂಟ್ ಇರುವ ಕ್ಯಾಂಪರ್ ನಿಂತಿರುತ್ತದೆ, ಹೊರಗೆ ಹುಲ್ಲು ಹಸಿರಾಗಿರುತ್ತದೆ. ನಮ್ಮ ಮನೆಯದೂ ಸೇರಿ.

ಹುಲ್ಲು ತೆಗೆದು ಒಣ ಸೀಮೆಯ ಗಿಡ ಹಾಕುವವರಿಗೆ ಇಲ್ಲಿ ಚದರಡಿ ಲೆಕ್ಕದಲ್ಲಿ ಹಣ ಕೊಡುವ ಯೋಜನೆ ಇದೆ. ಅದಕ್ಕೆ ಅರ್ಜಿ ಹಾಕಿದ್ದೇವೆ. ಮೈಸೂರಿನ ಮನೆಗೆ ಮೂರು ಬಿಎಲ್‌ಡಿಸಿ ಫ್ಯಾನ್ ಕೂಡ ಆರ್ಡರ್ ಮಾಡಿದ್ದೇನೆ, ಭಾವನಿಗೆ ಇನ್ನೂ ಹೇಳಿಲ್ಲ.