ಬೆಲ್ಟ್ ಬೇಡ, ಹಾವೊರಿ ಹುಡುಕಿ

ಜಪಾನಿನ ಉದ್ದ ನಿಲುವಂಗಿ ಕಿಮೋನೊ, ಅದರ ಹಳೆಯದಕ್ಕೆ ಬೆಲ್ಟ್ ಬಿಗಿದು ಗೌನ್ ಥರ ಹಾಕಿಕೊಳ್ಳಿ ಎಂದು ಲೇಖನದಲ್ಲಿ ಹೇಳಿದ್ದೀರಿ. ನನಗೆ ಅದು ಒಗ್ಗಲಿಲ್ಲ. ಹೆಂಗಸರ ಕಿಮೋನೊ ಉದ್ದ ಜಾಸ್ತಿ, ಸೊಂಟದಲ್ಲಿ ಮಡಚಿ ಕಟ್ಟದಿದ್ದರೆ ನೆಲ ಗುಡಿಸುತ್ತದೆ. ಸುಮ್ನೆ ಹಾವೊರಿ ಹುಡುಕಿ. ಕಿಮೋನೊ ಮೇಲೆ ಹಾಕುವ ಗಿಡ್ಡ ಕೋಟು ಅದು, ಮುಂದೆ ತೆರೆದೇ ಇರುತ್ತದೆ.

ಕ್ಯೋಟೊದ ತೋಜಿ ದೇವಸ್ಥಾನದಲ್ಲಿ ಪ್ರತಿ ತಿಂಗಳು 21ಕ್ಕೆ ಸಂತೆ. ಅಲ್ಲಿ ರಾಶಿಯೊಳಗಿಂದ ಎಳೆದುಕೊಂಡ ಕಪ್ಪು ಹಾವೊರಿ ನನ್ನದು. ಹೊರಗೆ ಸಪ್ಪೆ, ಅಸ್ತರಿನಲ್ಲಿ ಮಾತ್ರ ಕೆಂಪು ಮೇಪಲ್ ಎಲೆಗಳು! ಜೀನ್ಸ್, ಬಿಳಿ ಟೀ ಶರ್ಟ್ ಮೇಲೆ ಹಾಕಿ ತೋಳಿನ ಅಂಚು ಮಡಚಿದರೆ ಎಲೆಗಳು ಇಣುಕುತ್ತವೆ. ನುಸಿಗುಳಿಗೆ ವಾಸನೆ ಹೋಗಲು ನಾಲ್ಕು ದಿನ ನೆರಳಲ್ಲಿ ನೇತುಹಾಕಿದ್ದೆ. ರೇಷ್ಮೆ ಅಲ್ವಾ, ನೀರಿಗೆ ಹಾಕಬೇಡಿ.

ಕಿಮೋನೊನೇ ಉಡುವುದಾದರೆ ಎಡ ಅಂಚು ಮೇಲೆ ಬರಲಿ. ಬಲ ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ಕ್ರಮ. ನಿಮ್ಮ ಎರಡನೇ ಫೋಟೊದಲ್ಲಿ ಹಾಗೇ ಆಗಿದೆ!